ಯಮನೂರಸಾಬರ ಫೋನು ಮಾತು ಬಿಟ್ಟದ್ದು

ಕುಷ್ಟಗಿ ಬಸ್ ನಿಲ್ದಾಣದ ಎದುರಿಗೆ ಯಮನೂರಸಾಬರ ಎಸ್.ಟಿ.ಡಿ. ಬೂತು ಇದ್ದದ್ದು ಈಗ ನಲವತ್ತು ದಾಟಿದವರಿಗಷ್ಟೇ ನೆನಪು. ಮೂರನೆಯ ವಯಸ್ಸಿನಲ್ಲಿ ದಡಾರ ಬಂದು ಕಣ್ಣು ಕಳೆದುಕೊಂಡಿದ್ದ ಅವರಿಗೆ ಸರ್ಕಾರ ಅಂಗವಿಕಲರ ಪಾಲಿನಲ್ಲಿ ಆ ಬೂತು ಕೊಟ್ಟಿತ್ತು. ಹದಿನೇಳು ವರ್ಷ ಅವರು ಅಲ್ಲಿ ಕೂತರು. ಬಾಗಿಲಿಗೆ ಬಂದವರ ಕೆಮ್ಮಿನಿಂದಲೇ ಯಾರೆಂದು ಹೇಳುತ್ತಿದ್ದರು. ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲವಾದ್ದರಿಂದ ಸಾವು, ಹೆರಿಗೆ, ಮುನಿಸು ಎಲ್ಲವೂ ಅವರ ಕಿವಿಗೆ ಬೀಳುತ್ತಿದ್ದವು. ಕೇಳಿದ್ದನ್ನು ಅವರು ಇನ್ನೊಬ್ಬರ ಮುಂದೆ ಆಡಿದವರಲ್ಲ. ಜನ ಅವರ ಬೂತಿಗೇ ಬರುತ್ತಿದ್ದುದು ಅದಕ್ಕೇ.

ಆಮೇಲೆ ಒಬ್ಬೊಬ್ಬರ ಅಂಗಿಯ ಕಿಸೆಗೂ ಒಂದೊಂದು ಫೋನು ಬಂತು. ಬೂತು ಮುಚ್ಚಿತು. ಯಮನೂರಸಾಬರು ಅಂಧರ ಶಾಲೆಯಲ್ಲಿ ಕಲಿತಿದ್ದ ಬೆತ್ತದ ಕುರ್ಚಿ ಹೆಣೆಯುವ ಕೆಲಸಕ್ಕೆ ಇಳಿದರು. ಅದೂ ಕಚೇರಿಗಳಿಗೆಲ್ಲ ಪ್ಲಾಸ್ಟಿಕ್ ಕುರ್ಚಿ ಬರುವವರೆಗೆ ನಡೆಯಿತು. ಮದುವೆ ಆಗಿರಲಿಲ್ಲ. ಅಡುಗೆ, ಬಟ್ಟೆ ನೋಡಿಕೊಳ್ಳುತ್ತಿದ್ದ ಅಕ್ಕ ನಸೀಮಾಬಿ ಮೊಣಕಾಲು ಸೋತ ಮೇಲೆ ಸಿದ್ದಾಪುರದ ಮಗಳ ಮನೆಗೆ ಹೋದರು. ತಮ್ಮನನ್ನೂ ಕರೆದರು. ಯಮನೂರಸಾಬರು ಹೋಗಲಿಲ್ಲ. ಕುಷ್ಟಗಿಯಲ್ಲಾದರೆ ಯಾವ ಗಟಾರ ಎಲ್ಲಿದೆ ಎಂದು ಅವರ ಕೋಲಿಗೆ ಗೊತ್ತಿತ್ತು.

ಸ್ಮಾರ್ಟ್ ಫೋನು ಅವರ ಕೈಗೆ ಬಂದದ್ದು ಐದು ವರ್ಷದ ಹಿಂದೆ. ತಾಲ್ಲೂಕಿನ ವಿಶೇಷ ಮಕ್ಕಳಿಗೆ ಪಾಠ ಹೇಳುವ ದೀಪಿಕಾ ಟೀಚರು ಎರಡು ತಿಂಗಳು ಕೂತು ಕಲಿಸಿದರು. ಪರದೆಯ ಮೇಲೆ ಬೆರಳಾಡಿಸಿದರೆ ಅಲ್ಲಿರುವುದನ್ನು ಓದಿ ಹೇಳುವ ಒಂದು ಕನ್ನಡ ದನಿಯನ್ನೂ ಹಾಕಿಕೊಟ್ಟರು. ಇಂಪಾದ ದನಿಯೇನಲ್ಲ. ಹಿಂಡಾಲಿಯಂ ಡಬ್ಬಿಯೊಳಗೆ ಮುಖವಿಟ್ಟು ಮಾತಾಡಿದ ಹಾಗಿತ್ತು. ಆದರೆ ಎಷ್ಟು ಬೇಗ ಓಡಿಸಿದರೂ ಒಂದಕ್ಷರ ನುಂಗುತ್ತಿರಲಿಲ್ಲ, ನೆಟ್ ಇಲ್ಲದಿದ್ದರೂ ಓದುತ್ತಿತ್ತು. ಐವತ್ತಮೂರನೆಯ ವಯಸ್ಸಿಗೆ ಯಮನೂರಸಾಬರಿಗೆ ಪತ್ರಿಕೆ ಸಿಕ್ಕಿತು, ಕಾದಂಬರಿ ಸಿಕ್ಕಿತು. ಅಲ್ಲಿಯವರೆಗೆ ಬ್ಯಾಂಕಿನ ಪಾಸ್‌ಬುಕ್ಕನ್ನು ಯಾರ್ಯಾರ ಕೈಯಿಂದಲೋ ಓದಿಸುತ್ತಿದ್ದವರು ಬ್ಯಾಂಕಿನ ಆ್ಯಪ್ ತೆರೆದು ತಮ್ಮ ಲೆಕ್ಕ ತಾವೇ ಕೇಳಿಕೊಳ್ಳತೊಡಗಿದರು. ಅವರು ಪುಟಗಳನ್ನು ಕೇಳುವ ವೇಗಕ್ಕೆ ಪಕ್ಕದಲ್ಲಿ ಕೂತವರಿಗೆ ಅದು ಕನ್ನಡವೆಂದೇ ತಿಳಿಯುತ್ತಿರಲಿಲ್ಲ.

ಹೋದ ವರ್ಷದ ಫೆಬ್ರವರಿಯ ಒಂದು ಬೆಳಿಗ್ಗೆ, ಚಹಾ ಕುಡಿಯುತ್ತ ಒಂದು ಕಾದಂಬರಿಯ ಕೊನೆಯ ಅಧ್ಯಾಯ ಕೇಳುತ್ತಿದ್ದಾಗ ಫೋನು ತಾನಾಗಿಯೇ ಆರಿತು. ಅರ್ಧ ಗಂಟೆಯ ನಂತರ ಎದ್ದಿತು. ಎದ್ದಾಗ ಮಾತಾಡಿದ್ದು ಬೇರೆ ಯಾರೋ. ಒಬ್ಬ ಹೆಣ್ಣುಮಗಳು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಸಾವಕಾಶ ಕನ್ನಡದಲ್ಲಿ. ಒಂದು ಸಾಲು ಓದಿ ತಡೆಯುವಳು. ನೆಟ್ ಹೋದರೆ ಪೂರಾ ಮೌನ. ವೇಗ ಹೆಚ್ಚಿಸಿದರೆ ಮಾತು ಕಲಸಿ ಮುದ್ದೆಯಾಗುತ್ತಿತ್ತು.

ಅವರು ಫೋನು ಹಿಡಿದು ಶರಣಕುಮಾರನ ಮೊಬೈಲ್ ಅಂಗಡಿಗೆ ಹೋದರು. ಶರಣಕುಮಾರ ತುಸು ಹೊತ್ತು ನೋಡಿದ.

"ಸಾಬ್ರ, ರಾತ್ರಿ ಹೊಸ ಅಪ್‌ಡೇಟ್ ಇಳದೈತ್ರಿ. ನಿಮ್ಮ ಹಳೇ ದನಿ ಆ್ಯಪ್ ತಗದು ಒಗದೈತಿ. ಮತ್ತ ಹಾಕಾಕ ಹೋದ್ರ ಒಲ್ಲೆ ಅಂತೈತಿ."

"ಯಾರು ಒಲ್ಲೆ ಅಂತಾರ?"

"ಫೋನು."

"ಫೋನು ನಂದು. ನಾ ಹಾಕು ಅನ್ನಾಕತ್ತೀನಿ."

ಶರಣಕುಮಾರ ನಕ್ಕ. ಕೆಟ್ಟ ನಗೆಯಲ್ಲ. "ಕೈಯಾಗಿರೂದು ನಿಮ್ದು ಖರೇರಿ. ಒಳಗಿಂದು ಕಂಪನಿಯವ್ರ ಕೈಯಾಗ ಐತಿ. ಹಳೇ ಕಾಲದ ಆ್ಯಪ್, ಸುರಕ್ಷಿತ ಅಲ್ಲ ಅಂತ ಬರದಾರ ಇಲ್ಲಿ."

"ಇಷ್ಟು ವರ್ಷ ನನಗ ಅದು ಏನು ಮಾಡೇತಿ?"

"ಅದನ್ನ ಅವ್ರು ಕೇಳೂದಿಲ್ರಿ" ಎಂದು ಫೋನು ಅವರ ಕೈಗಿಟ್ಟ. "ಈ ಅಕ್ಕಾರ ದನಿನೂ ಛಲೋ ಐತಲ್ರಿ. ರೂಢಿ ಆಗತೈತಿ."

ರೂಢಿ ಮಾಡಿಕೊಳ್ಳಲು ಅವರು ಮೂರು ವಾರ ನೋಡಿದರು. ಕಂಪನಿಯ ಸಹಾಯವಾಣಿಗೆ ಬರೀ ಮಾತಿಗೆಂದು ಇಟ್ಟುಕೊಂಡಿದ್ದ ಹಳೆಯ ಗುಂಡಿ ಫೋನಿನಿಂದ ಕರೆ ಮಾಡಿದರು. ನಿಮ್ಮ ಸಲಹೆ ದಾಖಲಿಸಿಕೊಂಡಿದ್ದೇವೆ ಎಂದು ಒಬ್ಬ ಹುಡುಗಿ ಹೇಳಿದಳು. ನಾನು ಸಲಹೆ ಕೊಡಲಿಲ್ಲ, ನನ್ನ ಸಾಮಾನು ವಾಪಸ್ ಕೇಳಿದೆ ಎಂದರು ಇವರು. ಆಕೆ ಧನ್ಯವಾದ ಹೇಳಿ ಇಟ್ಟಳು. ಶುಕ್ರವಾರ ಅಕ್ಕನ ಕರೆ ಬಂದಾಗ ಇದನ್ನೆಲ್ಲ ಹೇಳಲು ಹೋದರು. ನಸೀಮಾಬಿಗೆ ಅರ್ಥವಾದದ್ದು ತಮ್ಮನ ಫೋನು ಕೆಟ್ಟಿದೆ ಎಂದಷ್ಟೇ. "ಹೊಸಾದು ತಗೊಳಪಾ" ಎಂದರು.

ಆ ದಿನಗಳಲ್ಲಿ ಮನೆ ದೊಡ್ಡದಾಯಿತು. ಒಂದೇ ಕೋಣೆಯ ಮನೆ. ಆದರೂ ಮಂಚದಿಂದ ಒಲೆಯ ಕಟ್ಟೆಗೆ ಹೋಗುವುದು ದೂರ ಅನ್ನಿಸುತ್ತಿತ್ತು. ಹೊರಗೆ ಬಸ್ಸುಗಳ ಕಂಡಕ್ಟರುಗಳು ಹನುಮಸಾಗರ, ಇಲಕಲ್ಲ, ತಾವರಗೇರಾ ಎಂದು ಕೂಗುವುದು ಕೇಳುತ್ತಿತ್ತು. ಅವರೆಲ್ಲ ಯಾರನ್ನೋ ಎಲ್ಲಿಗೋ ಕರೆಯುತ್ತಿದ್ದರು. ಇವರು ಬೆಳಿಗ್ಗೆ ಏಳಕ್ಕೆ ಎದ್ದು, ಹತ್ತು ಗಂಟೆ ಆಗಿರಬಹುದು ಎಂದುಕೊಂಡು ಗಡಿಯಾರದ ಮುಳ್ಳು ಮುಟ್ಟಿ ನೋಡಿದರೆ ಏಳೂವರೆ ಆಗಿರುತ್ತಿತ್ತು.

ಕೊನೆಗೆ ದೀಪಿಕಾ ಟೀಚರೇ ಒಂದು ನಂಬರು ಕೊಟ್ಟರು. ಗಂಗಾವತಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಗೌರೀಶ ಎಂಬವರದು. ಯಮನೂರಸಾಬರು ಹೇಳಿದ್ದನ್ನು ಅವರು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದರು.

"ಸರ, ನಿಮ್ಮ ಫೋನಿಗೆ ಕಂಪನಿ ಒಂದು ಬೀಗ ಹಾಕೇತಿ" ಎಂದರು ಗೌರೀಶ. "ಅದನ್ನ ತಗದ್ರ, ಕಂಪನಿ ವ್ಯವಸ್ಥೆ ಪೂರಾ ಅಳಿಸಿ ಬ್ಯಾರೇದು ಕೂಡ್ರಸಬಹುದು. ಅದಕ್ಕ ಮಾಲಕರಂತ ಯಾರೂ ಇಲ್ಲ. ಯಾರು ಬೇಕಾದ್ರೂ ತಗೋಬಹುದು, ತಿದ್ದಬಹುದು. ಅದರಾಗ ನಿಮ್ಮ ಹಳೇ ದನಿ ಹಾಕಿಕೊಡತೀನಿ. ಆದ್ರ ಬೀಗ ತಗಿಯಾಕ ಕಂಪನಿಗೇ ಅರ್ಜಿ ಹಾಕಬೇಕು. ಏಳು ದಿನ ಕಾಯಿಸ್ತಾರ."

"ನನ್ನ ಮನಿ ಬೀಗ ತಗಿಯಾಕ ನಾ ಅರ್ಜಿ ಹಾಕಬೇಕೇನ್ರಿ?"

"ಹೌದ್ರಿ. ಇನ್ನೊಂದು ಮಾತು. ಬೀಗ ತಗದ ಫೋನಿನ್ಯಾಗ ನಿಮ್ಮ ಬ್ಯಾಂಕಿನ ಆ್ಯಪ್ ನಡಿಯೂದಿಲ್ಲ. ಈ ಫೋನಿನ ಮ್ಯಾಲ ಭರೋಸಾ ಇಲ್ಲ ಅಂತ ಹೇಳಿ ಬಂದಾಗತೈತಿ."

"ನಾ ಏನು ತಪ್ಪು ಮಾಡಿದಂಗಾತು?"

"ತಪ್ಪೇನಿಲ್ರಿ. ಬೀಗ ತಗದವ್ರು ಕಳ್ಳರ ಇರಬೇಕು ಅಂತ ಅವ್ರ ಲೆಕ್ಕ. ವಿಚಾರ ಮಾಡ್ರಿ ಸರ, ಅವಸರ ಇಲ್ಲ."

ಗೌರೀಶರು ಹೇಳಿಕೊಟ್ಟಂತೆ ಅರ್ಜಿ ಹಾಕಿಟ್ಟು, ಆ ಏಳು ದಿನ ಅವರು ಅದನ್ನೇ ವಿಚಾರ ಮಾಡಿದರು. ಬ್ಯಾಂಕಿನಲ್ಲಿ ಇಡೀ ಸಾಲಿಗೆ ಕೇಳುವ ಹಾಗೆ ಕೌಂಟರಿನವರು ತಮ್ಮ ಖಾತೆಯ ಮೊತ್ತವನ್ನು ಕೂಗಿ ಹೇಳುತ್ತಿದ್ದ ಕಾಲ ನೆನಪಾಯಿತು. ಬ್ಯಾಂಕಿನ ಆ್ಯಪ್ ಅವರಿಗೆ ಕೊಟ್ಟಿದ್ದು ಮರ್ಯಾದೆ. ಹಳೆಯ ದನಿ ಕೊಟ್ಟಿದ್ದು ಜೊತೆ. ಎರಡನ್ನೂ ಇಟ್ಟುಕೊಳ್ಳಲು ಬಿಡದವರ ಮುಖ ಹೇಗಿರಬಹುದೆಂದು ಊಹಿಸಿ ನೋಡಿದರು, ಏನೂ ಹೊಳೆಯಲಿಲ್ಲ. ಎಂಟನೆಯ ದಿನ ತಾವರಗೇರಾ ಮೇಲೆ ಹೋಗುವ ಬಸ್ಸು ಹಿಡಿದು ಗಂಗಾವತಿಗೆ ಹೋದರು.

ಗೌರೀಶರ ಮನೆಯಲ್ಲಿ ಆ ಕೆಲಸಕ್ಕೆ ಮಧ್ಯಾಹ್ನದವರೆಗೆ ಹಿಡಿಯಿತು. ಊಟಕ್ಕೆ ಬಡಿಸಿದ್ದರು. ಯಮನೂರಸಾಬರು ಅನ್ನ ಕಲಸುತ್ತಿದ್ದಾಗ ಮೇಜಿನ ಮೇಲಿಂದ ಡಬ್ಬಿಯೊಳಗಿನ ಆ ದನಿ "ಭಾಷೆ ಆರಿಸಿ" ಎಂದಿತು. ಅವರ ಕೈ ತಟ್ಟೆಯಲ್ಲೇ ನಿಂತಿತು. ಅಂದು ಅರ್ಧಕ್ಕೆ ನಿಂತಿದ್ದ ಕಾದಂಬರಿಯ ಕೊನೆಯ ಅಧ್ಯಾಯವನ್ನು ವಾಪಸು ಬರುವ ಬಸ್ಸಿನಲ್ಲೇ ಕೇಳಿ ಮುಗಿಸಿದರು.

ಹೊರಡುವ ಮೊದಲು ಗೌರೀಶರು ಒಂದು ಸಂಗತಿ ಹೇಳಿದ್ದರು. ಆ ದನಿಯನ್ನು ಮಾಡಿದವರು ಯಾರೂ ಸಂಬಳಕ್ಕೆ ಮಾಡಿದವರಲ್ಲ, ಯಾವ ಅಕ್ಷರವನ್ನು ಹೇಗೆ ನುಡಿಯಬೇಕೆಂಬ ನಿಯಮಗಳೆಲ್ಲ ತೆರೆದಿಟ್ಟ ಕಡತದಲ್ಲಿವೆ, ತಪ್ಪು ಕಂಡರೆ ಯಾರಾದರೂ ತಿದ್ದಿ ಕಳಿಸಬಹುದು. ಯಮನೂರಸಾಬರಿಗೆ ಅದರ ತಪ್ಪುಗಳೆಲ್ಲ ಗೊತ್ತಿದ್ದವು. 'ಜ್ಞ' ಬಂದಲ್ಲಿ ಮುಗ್ಗರಿಸುತ್ತಿತ್ತು, 'ತಾ.' ಎಂದಿದ್ದರೆ ತಾಲ್ಲೂಕು ಎನ್ನದೆ ಸುಮ್ಮನೆ ತಾ ಎನ್ನುತ್ತಿತ್ತು. ಅವರು ದಿನಕ್ಕೆ ಎರಡು ಮೂರು ಶಬ್ದ ಗುರುತಿಸಿ, ಸರಿಯಾಗಿ ಹೇಗೆ ನುಡಿಯಬೇಕೆಂದು ತಾವೇ ಮಾತಾಡಿ ಗೌರೀಶರಿಗೆ ಕಳಿಸತೊಡಗಿದರು. ಮಳೆಗಾಲ ಮುಗಿಯುವ ಹೊತ್ತಿಗೆ ನಾನೂರರ ಹತ್ತಿರ ಆದವು. ಅವುಗಳಲ್ಲಿ ಸಾಕಷ್ಟನ್ನು ದನಿ ಮಾಡಿದವರು ಒಪ್ಪಿಕೊಂಡು, ಕೆಲಸ ಮಾಡಿದವರ ಪಟ್ಟಿಯಲ್ಲಿ ಅವರ ಹೆಸರನ್ನೂ ಸೇರಿಸಿದರು.

ಈ ಸುದ್ದಿಯನ್ನು ಯಾರಿಗೆ ಹೇಳುವುದೆಂದು ಅವರಿಗೆ ತಿಳಿಯಲಿಲ್ಲ. ಶರಣಕುಮಾರನ ಅಂಗಡಿಗೆ ಹೋಗಿ ಹೇಳಿದರು. ಅವನು "ಭಾಳ ಛಲೋ ಆತ್ರಿ ಸಾಬ್ರ" ಎಂದು, ಎದುರಿಗೆ ನಿಂತ ಗಿರಾಕಿಯ ಕಡೆ ತಿರುಗಿದ. ಅಲ್ಲಿಂದ ಬ್ಯಾಂಕಿಗೆ ಹೋದರು. ಈಗ ಮತ್ತೆ ಅಲ್ಲಿಗೆ ಹೋಗಿ ಚೀಟಿ ಬರೆಸಬೇಕಾಗಿತ್ತು. ಕೌಂಟರಿನವನು ಮೊತ್ತವನ್ನು ಜೋರಾಗಿ ಹೇಳಿದ. ಇವರು ತಲೆ ತಗ್ಗಿಸಿ ದುಡ್ಡು ಇಸಕೊಂಡರು.

ಈ ವರ್ಷ ಫೆಬ್ರವರಿಯಲ್ಲಿ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಯಲಬುರ್ಗಾ ಹತ್ತಿರದ ಹಳ್ಳಿಯ ಅಮೃತಾ, ಪಿಯುಸಿ ಎರಡನೇ ವರ್ಷ. ಆಕೆಗೂ ಕಣ್ಣಿಲ್ಲ. ಗೌರೀಶರು ನಂಬರು ಕೊಟ್ಟಿದ್ದರು. ಆಕೆಯ ಹಳೆಯ ಫೋನು ನೀರಿಗೆ ಬಿದ್ದು ಹೋಗಿತ್ತು. ಅಪ್ಪ ಹೊಸದು ತಂದಿದ್ದ. ಅದು ಇಂಗ್ಲಿಷ್ ಓದುತ್ತಿತ್ತು, ನೆಟ್ ಇಲ್ಲದಲ್ಲಿ ಕನ್ನಡ ಬಂದರೆ ಜಿಗಿದು ಮುಂದೆ ಹೋಗುತ್ತಿತ್ತು. ಅವರ ಹಳ್ಳಿಯಲ್ಲಿ ಮಾತಾಡಲು ಸಿಗ್ನಲ್ ಇರುತ್ತಿತ್ತು, ನೆಟ್ ಇರುತ್ತಿರಲಿಲ್ಲ.

"ಬೀಗ ತಗಸ್ರಿ ಯವ್ವಾ. ನಾ ತಗಸೇನಿ. ಗೌರೀಶ ಸರ್ ಮಾಡಿಕೊಡ್ತಾರ."

"ಕೇಳೀನ್ರಿ. ಈ ಕಂಪನಿಯವ್ರು ಬೀಗ ತಗಿಯಾಕ ಪರವಾನಗಿನ ಕೊಡೂದಿಲ್ಲಂತ. ಅರ್ಜಿನೂ ತಗೋಳೂದಿಲ್ಲಂತ್ರಿ."

ಏಳು ದಿನ ಕಾದರೆ ಬೀಗ ತೆಗೆಸುವ ದಾರಿಯಾದರೂ ಯಮನೂರಸಾಬರಿಗೆ ಇತ್ತು, ಈ ಹುಡುಗಿಗೆ ಅದೂ ಇರಲಿಲ್ಲ.

"ಇರ್ಲಿ ಬಿಡ್ರಿ ಅಜ್ಜಾರ" ಎಂದಳು ಹುಡುಗಿ. "ಪರೀಕ್ಷಾಕ್ಕ ಮೂರು ವಾರ ಐತಿ. ಇತಿಹಾಸ ಅಷ್ಟ ಉಳದೈತಿ."

"ಪಾಠದ ಫೈಲು ಗೌರೀಶರ ಹತ್ರ ಐತೇನು?"

"ಕಾಲೇಜಿನವ್ರು ಕೊಟ್ಟದ್ದು ಐತ್ರಿ."

"ನಾಳಿ ನಾಕಕ್ಕ ಫೋನ್ ಮಾಡು. ನಾ ಓದತೀನಿ."

ಮರುದಿನದಿಂದ ನಾಲ್ಕು ಗಂಟೆಗೆ ಸರಿಯಾಗಿ ಗುಂಡಿ ಫೋನು ರಿಂಗಾಗುತ್ತಿತ್ತು. ಎಡಗಿವಿಯಲ್ಲಿ ಸ್ಮಾರ್ಟ್ ಫೋನಿನ ತಂತಿ, ಬಲಗಿವಿಗೆ ಗುಂಡಿ ಫೋನು. ಎಡಗಿವಿಯಲ್ಲಿ ಬಿದ್ದ ಸಾಲನ್ನು ಅವರು ಬಾಯಿಂದ ಬಿಡಿಸಿ ಹೇಳುತ್ತಿದ್ದರು. ಮೊದಮೊದಲು ಎರಡೂ ಕಲೆತು ತೊದಲಿದರು. ನಾಲ್ಕನೆಯ ದಿನಕ್ಕೆ ಹಿಡಿತ ಸಿಕ್ಕಿತು. "ಆ ಸಾಲು ಮತ್ತೊಮ್ಮಿ ಅನ್ರಿ" ಎನ್ನುವಳು, ಇವರು ಅನ್ನುವರು. ಪಾಠ ಮುಗಿದ ಮೇಲೆ ಐದು ನಿಮಿಷ ಬೇರೆ ಮಾತು. ಅವ್ವ ಕಡಲೆ ಕೀಳಲು ಹೋಗಿದ್ದಾಳೆ, ಆಡು ಮರಿ ಹಾಕಿದೆ, ಮರಿಯ ಕಿವಿ ಎಷ್ಟು ಮೆತ್ತಗಿದೆ. ಯಮನೂರಸಾಬರು ಆ ಐದು ನಿಮಿಷಕ್ಕೆಂದು ಮೂರೂವರೆಗೇ ಮುಖ ತೊಳೆದು ಕೂರುತ್ತಿದ್ದರು.

ಇತಿಹಾಸದ ಪರೀಕ್ಷೆಯ ಸಂಜೆ ಅವಳು ಕರೆ ಮಾಡಿ ಚೆನ್ನಾಗಿ ಹೇಳಿ ಬರೆಸಿದೆ ಎಂದಳು. ಮರುದಿನ ನಾಲ್ಕಕ್ಕೆ ಫೋನು ರಿಂಗಾಗಲಿಲ್ಲ. ರಿಂಗಾಗುವ ಕಾರಣವೂ ಇರಲಿಲ್ಲ. ಅದು ಗೊತ್ತಿದ್ದೂ ಅವರು ಐದರವರೆಗೆ ಕೂತಿದ್ದು, ಎದ್ದು ರೊಟ್ಟಿಗೆ ಹಿಟ್ಟು ನಾದಿದರು. ಏಪ್ರಿಲ್‌ನಲ್ಲಿ ಪಾಸಾದ ಸುದ್ದಿ ಬಂತು. ಜೂನ್‌ನಲ್ಲಿ ಅವಳು ಧಾರವಾಡದ ಹಾಸ್ಟೆಲ್ಲಿಗೆ ಹೋದಳೆಂದು ಗೌರೀಶರಿಂದ ತಿಳಿಯಿತು.

"ಸರ, ಆಕಿಯಂಗ ಬೀಗ ತಗಿಯಾಕ ಬರಲಾರದ ಫೋನ್ ಇದ್ದ ಹುಡುಗ್ರು ಇನ್ನೂ ಇರಬೇಕಲ್ರಿ?" ಎಂದು ಯಮನೂರಸಾಬರು ಕೇಳಿದರು.

"ಭಾಳ ಮಂದಿ ಅದಾರ್ರಿ. ಇನ್ನ ಮುಂದ ಬರೂ ಫೋನು ಬಹಳಷ್ಟು ಹಂಗ."

"ಬರೇ ನಾ ಓದಿದ ದನಿ ಫೈಲು ಕೊಟ್ರ ಅವು ಬ್ಯಾಡ ಅಂತಾವೇನು?"

"ಇಲ್ರಿ. ಹಾಡಿನಂಗ ಬಾರಸ್ತಾವ."

ಅದಾದ ಮೇಲೆ ಅವರು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಬಸ್ಸಿನ ಗದ್ದಲ ಕಡಿಮೆ ಇರುವ ಹೊತ್ತು ನೋಡಿ, ಪಿಯುಸಿ ಪಾಠಗಳನ್ನು ತಮ್ಮ ದನಿಯಲ್ಲಿ ಓದಿ ಫೋನಿನಲ್ಲಿ ಹಿಡಿದಿಟ್ಟು, ಅಂಥ ಹುಡುಗರಿಗೆ ತಲುಪಿಸಲೆಂದು ಗೌರೀಶರಿಗೆ ಕಳಿಸುತ್ತಿದ್ದಾರೆ. ಕೆಮ್ಮು ಬಂದರೆ ಆ ಪುಟವನ್ನು ಮೊದಲಿಂದ ಓದುತ್ತಾರೆ. ಒಂಬತ್ತು ಪಾಠ ಆಗಿವೆ. ಈವರೆಗೆ ಯಾರೂ ಕೇಳಿ ಕರೆ ಮಾಡಿಲ್ಲ. ಹೋದ ವಾರ ಹತ್ತನೆಯದನ್ನು ಶುರು ಮಾಡಿದ್ದಾರೆ.