ಗೇಣೆತ್ತರದ ಮನೆಗಳ ಗೌಂಡಿ

ಭಾನುವಾರ ಬೆಳಕು ಹರಿಯುವ ಹೊತ್ತು. ಹೂಡಿಯ ವೆಂಕಟರಮಣಪ್ಪನವರ ಹಿತ್ತಲಲ್ಲಿ ರೇವಣಸಿದ್ದ ಬೋರಲು ಮಲಗಿ, ಗೇಣೆತ್ತರದ ಮನೆಯೊಂದರ ಬಾಗಿಲಿಗೆ ಕಣ್ಣಿಟ್ಟಿದ್ದಾರೆ. ಒಳಗೆ ಐಸ್‌ಕ್ರೀಂ ಕಡ್ಡಿಗಳ ಆಸರೆ ಕೊಟ್ಟದ್ದಾಗಿದೆ. ಹೊರಗೋಡೆಗೆ ಹಳೇ ಸೀರೆಯ ಪಟ್ಟಿ ಬಿಗಿದದ್ದಾಗಿದೆ. ಇನ್ನು ಮನೆಯನ್ನು ಪಾಯದಿಂದ ಕತ್ತರಿಸಿ ಎತ್ತಬೇಕು. ಬ್ಲೇಡು ಕೂದಲೆಳೆಯಷ್ಟು ಮೇಲೆ ಹೋದರೂ ಜಗಲಿಯ ಕಂಬ ಉಳಿಯುವುದಿಲ್ಲ. ಆದರೆ ಈಗಲೇ ಟೈಲ್ಸ್ ಕತ್ತರಿಸುವ ಮೆಷಿನ್ ಹಚ್ಚಿದರೆ ಮಹಡಿಯ ಬಾಡಿಗೆದಾರರು ಕಿಟಕಿ ತೆಗೆದು ಬೈಯುತ್ತಾರೆ. ಹಾಗಾಗಿ ಬಿಸಿಲು ಬರುವವರೆಗೆ ಕಾಯುತ್ತಿದ್ದಾರೆ.

ಸಿಂದಗಿ ಕಡೆಯ ರೇವಣಸಿದ್ದ ವಾರವೆಲ್ಲ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿ ಟೈಲ್ಸ್ ಹಾಸುತ್ತಾರೆ. ಹೆಂಡತಿ ಚನ್ನಕ್ಕನೊಂದಿಗೆ ಅವರಿರುವುದು ಕಾಲು ಚಾಚಿದರೆ ಬಾಗಿಲಿಗೆ ತಾಗುವ ಬಾಡಿಗೆ ಕೋಣೆಯಲ್ಲಿ. ಕೆಲವು ವರ್ಷಗಳ ಹಿಂದೆ ವೆಂಕಟರಮಣಪ್ಪನವರ ಮನೆಯ ಬಚ್ಚಲಿಗೆ ಟೈಲ್ಸ್ ಹಾಕಲು ಬಂದಾಗ ಹಿತ್ತಲಲ್ಲಿ ರೈಲು ಓಡುತ್ತಿರುವುದನ್ನು ಕಂಡರು. ಸೀಬೆಮರವನ್ನು ಸುತ್ತಿ ಬರುವ ಹಳಿ, ಮೊಳದುದ್ದದ ಇಂಜಿನ್, ಬೆರಳುದ್ದದ ಪ್ರಯಾಣಿಕರು. ಅದರ ಹಿಂದೆ ಸೀಟಿ ಊದುತ್ತಾ ಎಪ್ಪತ್ತು ದಾಟಿದ ವೆಂಕಟರಮಣಪ್ಪ.

“ಮೊದಲ ನಗು ಬಂತ್ರಿ ನನಗ. ಆಮ್ಯಾಲ ನೋಡಿದ್ರ ಸ್ಟೇಷನ್ನಿನ ಬಾಗಲ ಬೊಂಬಿಕಿಂತ ಗಿಡ್ಡ ಐತಿ. ಮನಸು ತಡೀಲಿಲ್ಲ, ಕಿತ್ತು ಹೊಸಾದು ಕುಂಡ್ರಿಸಿಬಿಟ್ಟೆ” ಎನ್ನುತ್ತಾರೆ ರೇವಣಸಿದ್ದ.

ಅಲ್ಲಿಂದ ಅವರ ಭಾನುವಾರಗಳು ಈ ಹಿತ್ತಲಿನ ಪಾಲಾದವು. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಮನೆಗಳು ಒಂದೇ ಬೇಸಿಗೆಗೆ ಸೊಟ್ಟಗಾಗುತ್ತಿದ್ದವು. ರೇವಣಸಿದ್ದರ ಗೋಡೆಗಳು ಕೆಲಸದ ಜಾಗದಲ್ಲಿ ಉಳಿದ ಟೈಲ್ಸ್ ಚೂರಿನವು, ಹೆಂಚುಗಳು ಒಡೆದ ಹೂಕುಂಡದವು. ಮಳೆ ಬಂದರೂ ಜಪ್ಪಯ್ಯ ಎನ್ನುವುದಿಲ್ಲ. ಹಿಮ ಜಾರಲೆಂದು ಕಡಿದಾದ ಚಾವಣಿಯಿಟ್ಟಿದ್ದ ಒಂದು ವಿದೇಶಿ ಬಂಗಲೆಯ ಹೊಗೆಗೂಡು ಕಿತ್ತು, ತಲೆ ಮೇಲೆ ಕರಿ ನೀರಿನ ಟ್ಯಾಂಕು ಕೂರಿಸಿ, ಹಿಟ್ಟಿನ ಗಿರಣಿ ಮಾಡಿದ್ದಾರೆ. ಅಳತೆಗೆ ಟೇಪು ಹಿಡಿಯುವುದು ಕಡಿಮೆ. ಬಾಗಿಲು, ಮೆಟ್ಟಿಲು, ಕಟ್ಟೆ ಎಲ್ಲದರ ಪಕ್ಕದಲ್ಲೂ ಒಂದೇ ಬೊಂಬೆಯನ್ನು ನಿಲ್ಲಿಸಿ ನೋಡುತ್ತಾರೆ. ಅದು ಆರಾಮಾಗಿ ಹೊಕ್ಕರೆ ಸರಿ.

ಇವತ್ತಿನ ಪೇಚಿಗೆ ಕಾರಣವಾದ ಮನೆ ವೆಂಕಟರಮಣಪ್ಪನವರ ಹೆಂಡತಿ ಭದ್ರಮ್ಮನವರ ತವರಿನದು. ಅಸಲಿ ಮನೆ ಕೆಡವಿ ಅಪಾರ್ಟ್‌ಮೆಂಟ್ ಎದ್ದು ಬಹಳ ಕಾಲವಾಯಿತು, ಒಂದು ಫೋಟೊ ಕೂಡ ಉಳಿದಿಲ್ಲ. ಭದ್ರಮ್ಮ ನೆನೆದು ನೆನೆದು ಹೇಳಿದಂತೆ ರೇವಣಸಿದ್ದ ಕಟ್ಟಿದರು. ಅಮ್ಮನವರ ನೆನಪು ಬದಲಾದಂತೆಲ್ಲ ಕಿಟಕಿಯೂ ಜಾಗ ಬದಲಿಸಿತು. ಜಗಲಿ ಮಾತ್ರ ಮೊದಲ ದಿನದಿಂದ ಇದ್ದಲ್ಲೇ ಇದೆ.

ಇಂಥ ಮನೆಗಳನ್ನು ನೆಲದ ಮೇಲೆ ಸುಮ್ಮನೆ ಇಡಬೇಕು. ಬೇಕಾದಾಗ ಎತ್ತಿ ಸರಿಸುವಂತಿರಬೇಕು. ಬೇರೆ ಎಲ್ಲವನ್ನೂ ಹಾಗೇ ಇಟ್ಟ ರೇವಣಸಿದ್ದ, ತವರುಮನೆ ಎಂದ ಕೂಡಲೇ ಮೈಮರೆತು ಪಾಯ ತೋಡಿ, ಜಲ್ಲಿ ಸಿಮೆಂಟು ಸುರಿದುಬಿಟ್ಟರು.

“ಗೌಂಡಿ ಮಂದಿರಿ ನಾವು. ಖರೇ ಮನಿ ಅನ್ಸಿಬಿಡ್ತು, ಕೈ ತಾನ ಪಾಯ ತೋಡ್ತು.”

ಹೋದ ವಾರ ವೆಂಕಟರಮಣಪ್ಪ ಆಸೆಪಟ್ಟು ಉದ್ದನೆಯ ಹೊಸ ಬೋಗಿ ತರಿಸಿದರು. ತಿರುವಿನಲ್ಲಿ ಅದರ ನಡು ಒಳಮಗ್ಗುಲಿಗೆ ಸರಿದು, ಜಗಲಿಯ ಕಂಬಕ್ಕೆ ಉಜ್ಜಿ ನಿಂತಿತು. ಜಗಲಿಯನ್ನು ಚೂರು ಕತ್ತರಿಸಿದರಾಯಿತು ಎಂದರು ಯಜಮಾನರು. ಭದ್ರಮ್ಮ ದನಿ ಏರಿಸಲಿಲ್ಲ.

“ಜಗಲಿ ತೆಗುದ್ರೆ ಅದು ನಮ್ಮಪ್ಪನ ಮನೆ ಎಂಗಾಯ್ತದೆ? ಅದರ ಬದ್ಲು ಮನೇನೇ ತೆಗುದ್ಬುಡು ಸಿದ್ದಪ್ಪ” ಎಂದು ಒಳಗೆ ಹೋದರು. ಆ ಮಾತು ರೇವಣಸಿದ್ದರಿಗೆ ವಾರವಿಡೀ ನಿದ್ದೆ ಕೊಡಲಿಲ್ಲ.

ಬಿಸಿಲು ಬಂದಿದೆ. ವೆಂಕಟರಮಣಪ್ಪ ಪಂಚೆ ಎತ್ತಿ ಕಟ್ಟಿ ಧೂಳೇಳದಂತೆ ಬ್ಲೇಡಿಗೆ ಪೈಪಿನಿಂದ ನೀರು ಬಿಡುತ್ತಿದ್ದಾರೆ. ಕೂಲಿಗೆ ಬಂದ ಆಳಿನಂತೆ ಹೇಳಿದಷ್ಟೇ ಮಾಡಬೇಕೆಂದು ಅವರಿಗೆ ಕಟ್ಟಪ್ಪಣೆಯಾಗಿದೆ. ಬ್ಲೇಡು ಪಾಯದ ಸಂದಿಯಲ್ಲಿ ಮೂಲೆಯಿಂದ ಮೂಲೆಗೆ ಹೋಗುತ್ತದೆ. ರೇವಣಸಿದ್ದ ಮೆಷಿನ್ ಆರಿಸಿ, ಎರಡೂ ಅಂಗೈ ಕೊಟ್ಟು ಎತ್ತುತ್ತಾರೆ. ಮನೆ ಜಗಲಿಯ ಸಮೇತ ಮೇಲೆ ಬರುತ್ತದೆ. ಹಿಂಬದಿಯ ಗೋಡೆಯಲ್ಲೊಂದು ಸಣ್ಣ ಬಿರುಕು, ಅಷ್ಟೆ. ಮನೆಯನ್ನು ನಾಲ್ಕು ಬೆರಳು ಹಿಂದಕ್ಕೆ ಇಟ್ಟ ಮೇಲೆ ಉದ್ದ ಬೋಗಿ ತಿರುವಿನಲ್ಲಿ ಸರಾಗವಾಗಿ ಹಾದು ಹೋಗುತ್ತದೆ. ಭದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಏನು ಬೇಕೋ ಕೇಳಪ್ಪ ಎನ್ನುತ್ತಾರೆ.

ರೇವಣಸಿದ್ದ ಅಂಗಿಯ ಜೇಬಿಗೆ ಕೈ ಹಾಕುತ್ತಾರೆ. ಪೈಪು ಸೋರದಂತೆ ಮೆತ್ತುವ ಎಂ-ಸೀಲಿನಲ್ಲಿ ಮಾಡಿದ ಬೊಂಬೆ: ಮೀಸೆ, ಹೆಗಲ ಮೇಲೆ ಟವಲು, ಚಕ್ಕಂಬಕ್ಕಳ ಹಾಕಿ ಕೂತ ಭಂಗಿ. ಥೇಟ್ ರೇವಣಸಿದ್ದರದೇ ಅಚ್ಚು.

“ಇಷ್ಟ ವರ್ಷ ಮಂದಿ ಮನಿಗೆ ಕಲ್ಲ ಹಾಸೀನ್ರಿ ಅಮ್ಮಾರ. ಕೆಲಸ ಮುಗದ ಮ್ಯಾಲ ಒಂದರಾಗೂ ಕುಂತಿಲ್ಲ. ಇವನ್ನ ಜಗಲಿ ಮ್ಯಾಲ ಕುಂಡ್ರಸ್ಲೇನ್ರಿ?”

ಭದ್ರಮ್ಮ ಬಗ್ಗಿ ಜಗಲಿಯನ್ನು ಸ್ವಲ್ಪ ಹೊತ್ತು ನೋಡುತ್ತಾರೆ.

“ಕಂಬಕ್ಕೆ ಒರಗಿಸಪ್ಪ, ಅಲ್ಲಿ ನೆರಳಿರ್ತದೆ. ಇವನಿಗೆ ಮಾತ್ರ ಸಿಮೆಂಟು ಹಾಕ್ಬುಡು, ಎದ್ದೋಗ್ದಂಗೆ.”