ಖಾತ್ರಿಯಾಗದ ವಿಶೇಷ

ಮದುವೆಯಾದ ಹೆಣ್ಣನ್ನು ನಮ್ಮ ಕಡೆ ‘ಏನಾದ್ರೂ ವಿಶೇಷ ಇದೆಯಾ?’ ಎಂದು ಕೇಳಿದರೆ ಅದಕ್ಕೆ ಒಂದೇ ಅರ್ಥ. ನಾನು ಬೆಂಗಳೂರಿನಲ್ಲಿ ಭೌತಶಾಸ್ತ್ರದ ಸಂಶೋಧನೆಗೆ ಸೇರಿದ್ದೆ. ನಮ್ಮ ಮನೆಯವರಿಗೆ ಮಾಚೇನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಅವರೂ ಅತ್ತೆಯೂ ಶಿವಮೊಗ್ಗದ ಸವಳಂಗ ರಸ್ತೆಯ ಮನೆಯಲ್ಲಿದ್ದರು. ತಿಂಗಳಿಗೊಮ್ಮೆ ರೈಲು ಹತ್ತಿ ಬಂದರೆ ಭದ್ರಾವತಿಯ ನಾದಿನಿಯಿಂದ ಹಿಡಿದು ಹಾಲು ಹಾಕುವವಳವರೆಗೆ ಎಲ್ಲರ ಬಾಯಲ್ಲೂ ಅದೇ ಪ್ರಶ್ನೆ. ಇಲ್ಲ ಅಂದಾಗ ಅವರು ತೋರಿಸುವ ಮರುಕಕ್ಕೆ ನನಗೆ ಮೈ ಉರಿಯುತ್ತಿತ್ತು.

ಕೆಲಸದಲ್ಲೂ ಅದೇ ಪಾಡು. ಬ್ರಹ್ಮಾಂಡದಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಕಾಣದ ಕಪ್ಪು ದ್ರವ್ಯವೇ ಹೆಚ್ಚಂತೆ. ಅದರ ಕಣವೊಂದು ಎಂದಾದರೂ ತಗುಲೀತೆಂದು ಹೊರದೇಶದ ಗಣಿಯ ಆಳದಲ್ಲಿ, ಸೀಸದ ಗೋಡೆಗಳ ನಡುವೆ ಒಂದು ಹರಳನ್ನು ತಣ್ಣಗೆ ಇಟ್ಟಿದ್ದರು. ಅದಕ್ಕೆ ಏನು ತಗುಲಿದರೂ ಸಣ್ಣದೊಂದು ಮಿಡಿತ ದಾಖಲಾಗುತ್ತಿತ್ತು. ಆ ಮಿಡಿತಗಳಲ್ಲಿ ಕಲ್ಲುಮಣ್ಣಿನ ವಿಕಿರಣದ್ದು ಯಾವುದು, ಉಪಕರಣದ್ದು ಯಾವುದು ಎಂದು ಹೆಕ್ಕಿ ಎಸೆಯುವುದು ಬೆಂಗಳೂರಿನಲ್ಲಿ ಕೂತ ನನ್ನ ಕೆಲಸ. ಅಕ್ಕಿ ಆರಿಸಿದ ಹಾಗೆಯೇ, ಆದರೆ ಕೊನೆಗೆ ಮೊರದಲ್ಲಿ ಏನೂ ಉಳಿಯುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೆ. ಸಾಕುಸಾಕಾಗಿ ಹೋಗಿತ್ತು.

ಒಮ್ಮೆ ಒಂದು ಮಿಡಿತ ಉಳಿಯಿತು. ಏನು ಮಾಡಿದರೂ ಹೋಗಲೊಲ್ಲದು. ಖಾತ್ರಿಯಾಗುವವರೆಗೆ ಯಾರ ಮುಂದೆಯೂ ಬಾಯಿ ಬಿಡಬೇಡಿ ಎಂದು ಗೈಡ್ ಹೇಳಿದ್ದರು. ನಿದ್ದೆಗೆಟ್ಟ ತಲೆಯಲ್ಲಿ ಅದೊಂದೇ ಸುತ್ತುತ್ತಿತ್ತು. ಆ ಗುಂಗಿನಲ್ಲೇ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿದೆ. ಅತ್ತೆ ಎತ್ತಿದರು.

“ಏನಮ್ಮಾ, ಏನಾದ್ರೂ ವಿಶೇಷ?”

“ಒಂದು ಇದ್ದಂಗಿದೆ ಅತ್ತೆ. ಇನ್ನೂ ಗ್ಯಾರಂಟಿ ಇಲ್ಲ. ಯಾರಿಗೂ ಹೇಳ್ಬೇಡಿ.”

“ಇಲ್ಲಮ್ಮ, ಅವನಿಗೂ ಹೇಳಲ್ಲ. ನೀನು ಭಾರ ಎತ್ಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು,” ಎಂದರು. ನನ್ನ ಕೆಲಸದ ಮೇಲೆ ಅತ್ತೆಗೆ ಇಷ್ಟೊಂದು ಅಕ್ಕರೆಯೇ ಎಂದು ಹಿಗ್ಗಿದೆ. ಪೆದ್ದಿ ನಾನು.

ಮುಂದಿನ ವಾರ ಆ ಮಿಡಿತದ ಬಂಡವಾಳ ಬಯಲಾಯಿತು. ಹರಳನ್ನು ತಣ್ಣಗಿಡುವ ದ್ರವವನ್ನು ತುಂಬಿಸುವಾಗ ಉಪಕರಣ ಅದುರಿತ್ತು, ಅಷ್ಟೆ. ಎಲ್ಲರೂ ಮುಂದಿನ ಕೆಲಸಕ್ಕೆ ತಿರುಗಿದರು. ನಾನು ರೈಲು ಹತ್ತಿದೆ.

ಬಾಗಿಲಲ್ಲೇ ಅತ್ತೆ ನನ್ನ ಕೈಯಿಂದ ಚೀಲ ಕಿತ್ತುಕೊಂಡರು. ಮನೆಯವರು ಕೆಲಸಕ್ಕೆ ಹೋಗಿದ್ದರು. ನನ್ನನ್ನು ಒಳಗೆ ಮಂಚದ ಮೇಲೆ ಕೂರಿಸಿ, “ಅದು ಏನಾಯ್ತು?” ಎಂದು ಪಿಸುದನಿಯಲ್ಲಿ ಕೇಳಿದರು.

“ಹೋಯ್ತು ಅತ್ತೆ. ನಿಜವಾದ್ದಲ್ಲ ಅದು.”

ಅವರು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡರು. “ಹೋದ್ರೆ ಹೋಗ್ಲಿ ಬಿಡು. ನಿನ್ ಜೀವ ಗಟ್ಟಿ ಇದೆಯಲ್ಲ, ಅಷ್ಟು ಸಾಕು. ಇನ್ನೊಂದ್ಸಲ ಬಸಿರು ನಿಲ್ಲತ್ತೆ.”

ಆಗ ಕಣ್ಣಿಗೆ ಬಿತ್ತು: ಮಂಚದ ಮೂಲೆಯಲ್ಲಿ ಅವರ ಹಳೆಯ ಕಾಟನ್ ಸೀರೆಗಳು, ಒಗೆದು, ಎಳೆಗೂಸಿಗೆ ಹಾಸುವಷ್ಟಗಲಕ್ಕೆ ಹರಿದು ಮಡಚಿಟ್ಟದ್ದು. ಫೋನಿನಲ್ಲಿ ನಾನು ಏನು ಹೇಳಿದ್ದೆ, ಅವರು ಏನು ಕೇಳಿಸಿಕೊಂಡಿದ್ದರು ಎಂಬುದೆಲ್ಲ ಒಮ್ಮೆಲೇ ತಿಳಿಯಿತು. ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದರೆ ಅಳು ಒತ್ತರಿಸಿ ಬಂತು. ಅಷ್ಟು ವರ್ಷ ತಿಂಗಳು ತಿಂಗಳೂ ಇಲ್ಲ ಅಂದವಳನ್ನು ಯಾರೂ ಹೀಗೆ ಹಿಡಿದುಕೊಂಡಿರಲಿಲ್ಲ. ಬಂದು ಹೋದದ್ದಕ್ಕಾದರೆ ಜನ ಸಮಾಧಾನ ಹೇಳುತ್ತಾರೆ, ಬಾರದೇ ಇದ್ದದ್ದಕ್ಕೆ ಯಾರು ಹೇಳುತ್ತಾರೆ? ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

“ಮಗು ಅಲ್ಲ ಅತ್ತೆ. ನಾನು ಹೇಳಿದ್ದು ಕೆಲಸದ ವಿಷಯ. ನಾನು ಬಸಿರಾಗೇ ಇರ್ಲಿಲ್ಲ.”

ಬೆನ್ನು ಸವರುತ್ತಿದ್ದ ಕೈ ನಿಂತಿತು.

“ಮತ್ಯಾಕೆ ಹಿಂಗೆ ಅಳ್ತೀಯ ಮಾರಾಯ್ತಿ?”

“ಅದೂ ಇಲ್ಲ, ಇದೂ ಇಲ್ಲ ಅತ್ತೆ,” ಎಂದೆ.