ಕಿವಿ ಮೇಸ್ತ್ರಿಯ ಡಬ್ಬಿಯಲ್ಲಿದ್ದ ಬುಷ್

ಓಡುವ ಗಾಡಿಯ ಪಕ್ಕದಲ್ಲಿ ಹತ್ತು ಹೆಜ್ಜೆ ನಡೆದರೆ ಸಾಕು, ಸದ್ದು ಕೇಳಿಯೇ ಆ ಮೆಕ್ಯಾನಿಕ್ ರೋಗ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದ. ಅದಕ್ಕೇ ಡ್ರೈವರುಗಳೆಲ್ಲ ಸೇರಿ ಅವನಿಗೆ ಕಿವಿ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಹೆಂಡತಿ ಮಾತ್ರ, "ನಾನು ಕೂಗಿದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಕೇಳುತ್ತೆ ಆ ಕಿವಿಗೆ" ಎನ್ನುತ್ತಿದ್ದಳು.

ಅವಳಿಗೇನು ಗೊತ್ತು, ಆರು ವರ್ಷದಿಂದ ಅವನಿಗೆ ಇಲ್ಲದ ಸದ್ದೂ ಕೇಳುತ್ತಿತ್ತು. ಕಟ್ ಎಂಬ ಒಂದೇ ಸದ್ದು. ಚಿಲಕ ಹಾಕಿದರೆ ಚಿಲಕದಲ್ಲಿ, ಲೋಟ ಕೆಳಗಿಟ್ಟರೆ ಲೋಟದಲ್ಲಿ. ಯಾರೂ ಏನೂ ಮಾಡದೆ ಮನೆ ಸುಮ್ಮನಿದ್ದರೆ ಆಗಲೂ ಕೇಳುತ್ತಿತ್ತು.

ಅದು ಅವನ ಅಕ್ಕನ ಗಂಡನ ಪುಟ್ಟ ಜೀಪಿನ ಸದ್ದು. "ಬ್ರೇಕ್ ಒತ್ತಿದಾಗ ಮುಂದುಗಡೆ ಕಟ್ ಅನ್ನುತ್ತೆ ಕಣಯ್ಯ, ಒಂಚೂರು ನೋಡು" ಎಂದಿದ್ದರು ಭಾವ. "ಮುಂದಿನ ವಾರ ತನ್ನಿ ಭಾವ" ಎಂದಿದ್ದ ಇವನು. ಭಾವನ ಪಾಲಿಗೆ ಆ ವಾರ ಬರಲೇ ಇಲ್ಲ. ಬೆಟ್ಟ ಇಳಿಯುವ ತಿರುವಿನಲ್ಲಿ ಜೀಪು ಎಡಕ್ಕೆಳೆದು ಹಳ್ಳಕ್ಕೆ ಬಿತ್ತು, ಹೊರಕ್ಕೆ ಎಸೆದುಹೋದ ಭಾವ ಉಳಿಯಲಿಲ್ಲ. ಬೆಳಗಿನ ಹೊತ್ತು, ಒಣ ರಸ್ತೆ, ಎದುರಿಗೆ ಒಂದು ನಾಯಿಯೂ ಇರಲಿಲ್ಲ. ನಿದ್ದೆ ತೂಗಿರಬೇಕು ಎಂದರು ಜನ. ಇವನೂ ಹೂಂಗುಟ್ಟಿದ.

ಜೀಪಿಗೆ ಹೆಚ್ಚೇನೂ ಆಗಿರಲಿಲ್ಲ. ಅದನ್ನು ತಂದು ಬಿಚ್ಚಿದಾಗ ಅವನ ಕೈಗೆ ಆ ಬುಷ್ ಸಿಕ್ಕಿತು. ಬುಷ್ ಎಂದರೆ ದೊಡ್ಡದೇನಲ್ಲ, ಮುಂದಿನ ಆಕ್ಸಲನ್ನು ಗಾಡಿಯ ಮೈಗೆ ಹಿಡಿದಿಡುವ ಕಬ್ಬಿಣದ ತೋಳಿನ ತುದಿಯಲ್ಲಿ ಕೂರುವ ದಪ್ಪ ಬಳೆಯಂಥ ರಬ್ಬರ್. ನಾಲ್ಕು ತಿಂಗಳ ಹಿಂದೆ ಇವನೇ ಹಾಕಿದ್ದು. ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಹರಿದಿತ್ತು.

ನೋಡಿದ ಕೂಡಲೇ ತಿಳಿಯಿತು. ರಬ್ಬರ್ ಬುಷ್‌ನ ಬೋಲ್ಟನ್ನು ಗಾಡಿ ತನ್ನ ಭಾರದಲ್ಲಿ ನೆಲದ ಮೇಲೆ ನಿಂತಿರುವಾಗಲೇ ಬಿಗಿಯಬೇಕು. ಮೇಲೆತ್ತಿ, ಚಕ್ರ ಜೋತಾಡುವಾಗ ಬಿಗಿದರೆ, ಇಳಿಸಿದ ಗಳಿಗೆಯಿಂದಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ. ಇದನ್ನು ಎಷ್ಟು ಜನಕ್ಕೆ ಬೈದು ಕಲಿಸಿದ್ದನೋ. ಆ ದಿನ ಮಾತ್ರ, ಇಳಿಸಿದರೆ ಕೈಯಾಡಲು ಜಾಗ ಸಾಲದು ಎಂಬ ಸೋಮಾರಿತನಕ್ಕೆ, ಎತ್ತಿಟ್ಟ ಹಾಗೇ ಬಿಗಿದುಬಿಟ್ಟಿದ್ದ.

ಬುಷ್ಷನ್ನು ನಟ್ಟಿನ ಡಬ್ಬಿಯ ತಳಕ್ಕೆ ಹಾಕಿದ. ಜೀಪಿಗೆ ಟಾರ್ಪಾಲು ಹೊದಿಸಿದ. ಬಾಯಿ ಬಿಡಲಿಲ್ಲ.

ಆರು ವರ್ಷದ ಮೇಲೆ ಅಕ್ಕ ಬಂದಳು. ನರ್ಸ್ ಕೆಲಸ ಅವಳದು, ಲಸಿಕೆ ಪೆಟ್ಟಿಗೆ ಹೊತ್ತು ಬೆಟ್ಟದ ಹಟ್ಟಿಗಳಿಗೆ ಹೋಗಬೇಕು. ಇದ್ದೊಂದು ಬಸ್ಸು ನಿಂತುಹೋಗಿತ್ತು.

"ಟಾರ್ಪಾಲು ತೆಗಿಯೋ. ಇನ್ಮೇಲೆ ನಾನೇ ಓಡಿಸ್ತೀನಿ" ಎಂದವಳು ಚೀಲದಿಂದ ಹಳದಿ ಬಣ್ಣದ ಬುಷ್‌ಗಳನ್ನು ತೆಗೆದಿಟ್ಟಳು. "ನಿಂತ ಗಾಡಿಗೆ ಬುಷ್ ಬದಲಿಸ್ಬೇಕಂತಲ್ಲ. ಇದು ಪಿಯು ಅಂತೆ. ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ ಅಂದ ಅಂಗಡಿಯವನು. ಮೊದಲು ಮಕ್ಕಳಾಗಬೇಕಿತ್ತಲ್ಲಪ್ಪ ಅಂದೆ. ತಲೆ ಕೆರ್ಕೊಂಡ."

ಕಿವಿ ಮೇಸ್ತ್ರಿ ಹಳದಿ ಬುಷ್ಷನ್ನು ಉಗುರಿನಿಂದ ಒತ್ತಿದ. ಪಿಯು ಎಂದರೆ ಪಾಲಿಯುರೆಥೇನ್, ಗಟ್ಟಿ ಪ್ಲಾಸ್ಟಿಕ್ಕಿನಂಥದ್ದು, ಉಗುರು ಇಳಿಯಲಿಲ್ಲ. ಇದು ಒಳಗಿನ ಕೊಳವೆಯ ಮೇಲೆ ತಾನೇ ತಿರುಗಿಕೊಳ್ಳುತ್ತದೆ. ಎತ್ತಿಟ್ಟು ಬಿಗಿದರೂ ಹರಿಯುವುದಿಲ್ಲ. ಅವನ ತಪ್ಪನ್ನು ಮನ್ನಿಸುವ ವಸ್ತು, ಅಕ್ಕನೇ ತಂದುಕೊಟ್ಟಿದ್ದಾಳೆ. ಹಾಕಿ ಕಳಿಸಿದರೆ ಯಾರೂ ಏನೂ ಕೇಳುವುದಿಲ್ಲ.

ಆದರೆ ಅವಳ ಸೊಂಟ ಮೊದಲೇ ಸರಿಯಿಲ್ಲ, ಕೂರುವಾಗ ಮೇಜು ಹಿಡಿದು ಕೂರುತ್ತಾಳೆ. ಹಳದಿ ಗಟ್ಟಿ. ಬೆಟ್ಟದ ದಾರಿಯ ಒಂದೊಂದು ಕಲ್ಲನ್ನೂ ನೇರ ಬೆನ್ನಿಗೆ ತಲುಪಿಸುತ್ತದೆ, ಚಕ್ರವನ್ನು ಗುಂಡಿಗೆ ಸಲೀಸಾಗಿ ಇಳಿಯಗೊಡುವುದಿಲ್ಲ. ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ಅವಳಿಗೆ ಬೇಕಾದದ್ದು ರಬ್ಬರ್. ರಬ್ಬರ್ ಹಾಕಬೇಕೆಂದರೆ ಅದೇ ಜೀಪಿನಡಿ ಮಲಗಿ, ಅದೇ ಬೋಲ್ಟನ್ನು ಅದೇ ಕೈ ಬಿಗಿಯಬೇಕು.

ಎರಡು ದಿನ ಹಳದಿಯನ್ನು ಬೆಂಚಿನ ಆ ತುದಿಯಿಂದ ಈ ತುದಿಗೆ ಸರಿಸಿದ. ಮೂರನೆಯ ದಿನ ರಬ್ಬರ್ ತಂದು ಕೂರಿಸಿದ. ಜೀಪನ್ನು ನೆಲಕ್ಕಿಳಿಸಿ ಅಕ್ಕನಿಗೆ ಹೇಳಿಕಳಿಸಿದ.

"ಡ್ರೈವರ್ ಸೀಟಲ್ಲಿ ಕೂತ್ಕೊ ಅಕ್ಕ. ನಿನ್ನ ಭಾರ ಬಿದ್ದಾಗ್ಲೇ ಬಿಗೀತೀನಿ."

"ದಪ್ಪ ಆಗಿದೀನಿ ಅಂತ ತೋರಿಸಕ್ಕೆ ಕರೆಸಿದ್ಯಾ?"

ಹತ್ತಿ ಕೂತಳು. ಅವನು ಅಡಿಗೆ ತೂರಿದ. ಎದೆಗೂ ಜೀಪಿಗೂ ಒಂದು ಗೇಣಷ್ಟೇ ಅಂತರ. ಮೇಲಿನಿಂದ ಅವಳ ದನಿ ಬಾವಿಯೊಳಗಿಂದ ಬಂದಂತೆ ಬರುತ್ತಿತ್ತು.

"ನಿಮ್ಮ ಭಾವ ಹೋದ ಹಿಂದಿನ ದಿನ ನಾವಿಬ್ರೂ ಜಗಳ ಆಡಿದ್ವಿ ಕಣೋ. ದೊಡ್ಡ ಕಾರಣ ಏನಲ್ಲ, ಒಂದು ಕೊಡೆ ಕಳ್ಕೊಂಡು ಬಂದಿದ್ರು ಅಂತ. ಬೆಳಗಿನ ಜಾವದವರೆಗೂ ಅಂದಾಡಿದೆ, ಮಲಗಕ್ಕೇ ಬಿಡ್ಲಿಲ್ಲ. ನಿದ್ದೆ ತೂಗಿತಂತಲ್ಲ. ಆ ನಿದ್ದೆ ಕೆಡಿಸಿದ್ದು ನಾನೇ."

ಸ್ಪ್ಯಾನರ್ ನಿಂತಿತು. ಕಟ್ ಎಂದಿತು. ಎಲ್ಲಿ ಎಂದು ಗೊತ್ತಾಗಲಿಲ್ಲ.

"ನಿದ್ದೆ ಅಲ್ಲ ಅಕ್ಕ."

"ಏನಂದೆ?"

"ಭಾವ ನಿದ್ದೆ ಮಾಡ್ಲಿಲ್ಲ. ಈ ಬೋಲ್ಟನ್ನ ನಾನು ಗಾಡಿ ಎತ್ತಿಟ್ಟು ಬಿಗಿದಿದ್ದೆ. ಅದಕ್ಕೆ ಬುಷ್ ಹರೀತು. ಬ್ರೇಕ್ ಹಾಕಿದಾಗ ಎಳೀತು. ಭಾವ ಹೇಳಿದ್ರು ನಂಗೆ, ಸದ್ದು ಬರುತ್ತೆ ಅಂತ. ಮುಂದಿನ ವಾರ ಅಂದೆ."

ಅವಳು ಇಳಿದಿದ್ದರೆ ಸ್ಪ್ರಿಂಗ್ ಒಂದು ಬೆರಳು ಮೇಲೇಳುತ್ತಿತ್ತು. ಅವನು ಸ್ಪ್ರಿಂಗನ್ನೇ ನೋಡುತ್ತ ಮಲಗಿದ. ಅದು ಏಳಲಿಲ್ಲ.

"ಆರು ವರ್ಷ" ಎಂದಳು ಅಕ್ಕ. ಆಮೇಲೆ, "ಇನ್ನೆಷ್ಟು ಬೋಲ್ಟಿದೆ?"

"ಮೂರು."

"ಬಿಗಿ."

ಬಿಗಿದು ಹೊರಬಂದಾಗ ಅವಳು ಇವನ ಮುಖ ನೋಡಲಿಲ್ಲ. "ಆ ಹರಿದಿದ್ದು ಇದೆಯಾ?" ಎಂದಳು. ಡಬ್ಬಿ ಬೋರಲು ಹಾಕಿ ತೆಗೆದುಕೊಟ್ಟ. ಸೆರಗಿನಲ್ಲಿ ಒರೆಸಿಕೊಂಡು ಹೊರಟಳು.

"ತಿಂಗಳಾದ ಮೇಲೆ ಬೋಲ್ಟ್ ನೋಡಬೇಕು, ತಗೊಂಡು ಬಾ" ಎಂದು ಹಿಂದಿನಿಂದ ಹೇಳಿದ. ಜೀಪು ಅಂಗಳ ದಾಟಿ ರಸ್ತೆಗಿಳಿಯಿತು.

ಆ ತಿಂಗಳು ರಸ್ತೆಯಲ್ಲಿ ಯಾವ ಜೀಪು ಬಂದರೂ ಅವನ ಕೈ ನಿಲ್ಲುತ್ತಿತ್ತು. ಕೊನೆಗೊಂದು ಮಧ್ಯಾಹ್ನ ಬೆನ್ನ ಹಿಂದೆ ಯಾರೋ ನಿಂತಂತಾಗಿ ತಿರುಗಿದ. ಜೀಪು ಶೆಡ್ಡಿನ ಬಾಗಿಲಲ್ಲೇ ಇತ್ತು, ಅಕ್ಕ ಸೀಟಿನಲ್ಲಿದ್ದಳು. ಬಂದದ್ದೇ ಅವನ ಕಿವಿಗೆ ಬಿದ್ದಿರಲಿಲ್ಲ, ಕಟ್ ಎಂಬ ಸದ್ದೂ ಇರಲಿಲ್ಲ. ಸ್ಟಿಯರಿಂಗಿನ ಮುಂದೆ ಭಾವ ಕನ್ನಡಕ ಇಡುತ್ತಿದ್ದ ಜಾಗದಲ್ಲಿ ಆ ಹರಿದ ಬುಷ್ ಇತ್ತು.

"ಇಳೀಬೇಕಾ?" ಎಂದಳು.

"ಬೇಡ, ಕೂತಿರು" ಎಂದು ಸ್ಪ್ಯಾನರ್ ಹಿಡಿದು ಅಡಿಗೆ ತೂರಿದ.